ಕಾರ್ಡಿನಲ್ಲಿ ಡೆಲ್ಲಾ ಅವರ ಹೆಸರು

"ಹನಿ, ನಿನ್ನ ಕಾರ್ಡು ಸುಳ್ಳು ಹೇಳ್ತಿದೆ!"

ಹಸಿರು ಹ್ಯಾಟು ತೊಟ್ಟ, ಎಪ್ಪತ್ತು ದಾಟಿದ ಕಪ್ಪು ಮಹಿಳೆಯೊಬ್ಬರು ಗ್ರಂಥಾಲಯದ ಕಾರ್ಡುಗಳ ಡ್ರಾಯರನ್ನೇ ಹೊತ್ತು ತಂದು ನನ್ನ ಮುಂದಿಟ್ಟರು. ಇಂಗ್ಲಿಷಿನ ಹನಿ ಎಂದರೆ ಜೇನು. ಇಲ್ಲಿ ಗುರುತಿಲ್ಲದವರನ್ನೂ ಹಾಗೆ ಕರೆಯುತ್ತಾರೆ. ಅಷ್ಟು ಸಿಹಿಯಾಗಿ ನನ್ನನ್ನು ಯಾರೂ ಬೈದಿರಲಿಲ್ಲ.

ಧಾರವಾಡದಿಂದ ಲಾಸ್ ಏಂಜಲೀಸಿಗೆ ಬಂದು ನನಗೆ ಎಂಟು ತಿಂಗಳಾಗಿತ್ತು. ಗಂಡನಿಗೆ ಗ್ಲೆಂಡೇಲಿನಲ್ಲಿ ಕೆಲಸ. ನಾನು ಗ್ರಂಥಾಲಯದ ಗ್ರಾಮಫೋನ್ ರೆಕಾರ್ಡುಗಳ ವಿಭಾಗದಲ್ಲಿ ಪ್ರತಿ ರೆಕಾರ್ಡಿನ ವಿವರದ ಕಾರ್ಡು ಟೈಪ್ ಮಾಡುತ್ತಿದ್ದೆ. ಡೆಲ್ಲಾ ಎಂಬ ಆ ಹಿರಿಯರು ತೋರಿಸಿದ್ದು ಒಂದು ಜಾಝ್ ಟ್ಯೂನಿನ ಕಾರ್ಡು. ರೆಕಾರ್ಡಿನ ಲೇಬಲ್ಲಿನಲ್ಲಿ ರಚನೆ ಒಬ್ಬ ಬಿಳಿಯ ಬ್ಯಾಂಡ್ ನಾಯಕನದೆಂದು ಇತ್ತು. ನಾನು ಹಾಗೆಯೇ ಇಳಿಸಿದ್ದೆ.

"ಅದು ನನ್ನ ಟ್ಯೂನು. ನಾನು ಕ್ಲಬ್ಬಲ್ಲಿ ಪಿಯಾನೋ ನುಡಿಸ್ತಿದ್ದೆ, ಅವನು ಮೂರು ವಾರ ಬಂದು ಕೂತು ಕೇಳಿದ. ಆಮೇಲೆ ದೊಡ್ಡ ಹೋಟೆಲಲ್ಲಿ ನುಡಿಸಿದ. ಅಲ್ಲಿ ನನ್ನ ಬಣ್ಣದವರನ್ನ ಒಳಗೆ ಬಿಡ್ತಿರಲಿಲ್ಲ. ನನ್ನ ಟ್ಯೂನನ್ನ ಮಾತ್ರ ಬಿಟ್ರು ನೋಡು!" ಎಂದು ನಕ್ಕರು.

ನಮ್ಮಲ್ಲಿ ದಾಸರ ಪದವನ್ನು ಯಾರೇ ಹಾಡಲಿ, ಕೊನೆಯ ಸಾಲಿನ ಅಂಕಿತ ಕೇಳಿದರೆ ಅದು ಯಾರದೆಂದು ತಿಳಿಯುತ್ತದೆ. ಮಾತೇ ಇಲ್ಲದ ಟ್ಯೂನಿನಲ್ಲಿ ಡೆಲ್ಲಾ ತಮ್ಮ ಹೆಸರನ್ನು ಎಲ್ಲಿ ಇಡಬೇಕಿತ್ತು?

ನಮ್ಮ ಮುಖ್ಯ ಗ್ರಂಥಪಾಲಕರು ಒಳ್ಳೆಯವರೇ. ಆದರೂ, "ಲೇಬಲ್ಲಿನಲ್ಲಿ ಇದ್ದಂತೆ ಕಾರ್ಡು. ಬೇರೆ ಬರೀಬೇಕಂದ್ರೆ ದಾಖಲೆ ಬೇಕು" ಎಂದುಬಿಟ್ಟರು.

ಮರುವಾರ ಡೆಲ್ಲಾ ಹಳದಿಗಟ್ಟಿದ ಲಕೋಟೆಯೊಂದನ್ನು ತಂದರು. ಟ್ಯೂನು ಬರೆದ ದಿನ ತಮ್ಮ ವಿಳಾಸಕ್ಕೆ ತಾವೇ ಅಂಚೆಯಲ್ಲಿ ಕಳಿಸಿಕೊಂಡದ್ದು. ವಕೀಲರನ್ನು ಹಿಡಿಯಲಾಗದವರು ಮುದ್ರೆಯ ತಾರೀಖು ಸಾಕ್ಷಿಗಿರಲೆಂದು ಹಾಗೆ ಮಾಡುತ್ತಿದ್ದರಂತೆ. ಅಂಟು ಬಿಚ್ಚಿರಲೇ ಇಲ್ಲ. ಅಂಚೆಯ ಮುದ್ರೆ ರೆಕಾರ್ಡಿಗಿಂತ ಎರಡು ವರ್ಷ ಹಳೆಯದು!

"ಇಷ್ಟು ವರ್ಷ ಯಾರಿಗೂ ತೋರಿಸಲಿಲ್ವಾ?" ಎಂದೆ.

"ದಾಖಲೆ ತಾ ಅಂತ ಕೇಳಿದವರಲ್ಲಿ ನೀವೇ ಮೊದಲು. ಒಡಿ, ನೀನೇ ಒಡಿ."

ನಾನು ಲಕೋಟೆಯ ಅಂಚನ್ನು ಮೆಲ್ಲಗೆ ಕತ್ತರಿಸಿದೆ. ಒಳಗೆ ಪೆನ್ಸಿಲಿನಲ್ಲಿ ಬರೆದ ಎರಡು ಹಾಳೆ ಸ್ವರಲಿಪಿ. ಸಂಗೀತ ಬಲ್ಲ ನಮ್ಮ ಮುಖ್ಯ ಗ್ರಂಥಪಾಲಕರು ರೆಕಾರ್ಡು ಹಚ್ಚಿ, ಹಾಳೆಯ ಮೇಲೆ ಬೆರಳು ಸರಿಸುತ್ತ ಕೇಳಿದರು. ಬೆರಳು ಎಲ್ಲೂ ತಡೆಯಲಿಲ್ಲ. ಟ್ಯೂನು ಮುಗಿದ ಮೇಲೆ ಡೆಲ್ಲಾ ಅವರತ್ತ ನೋಡಲಾರದೆ, ನನಗೆ ಹೇಳಿದರು: "ಹೊಸ ಕಾರ್ಡು ಟೈಪ್ ಮಾಡಿ."

ಅಷ್ಟು ಜೋರಾಗಿ ನಾನು ಕೀಲಿ ಒತ್ತಿದ್ದೇ ಇಲ್ಲ! ಕಾರ್ಡಿನ ಮಸಿ ಆರುವ ಮೊದಲೇ ಡೆಲ್ಲಾ ತಮ್ಮ ಹೆಸರನ್ನು ಮುಟ್ಟಿ ನೋಡಿದರು. ಅಕ್ಷರ ಕೊಂಚ ಕದಡಿತು, ನಾನು ಬದಲಾಯಿಸಲಿಲ್ಲ.

ಮನೆಗೆ ಓಡುತ್ತಲೇ ಬಂದೆ. "ಏನಾತು? ಯಾಕಿಷ್ಟ್ ಕುಣ್ಯಾಕತ್ತಿ?" ಎಂದ ಗಂಡ.

"ಹೆಸರು ಬಂತ್ರೀ! ಕಾರ್ಡಿನ ಮ್ಯಾಲ ಆಕಿ ಹೆಸರು ಬಂತು!"

ಅದೇ ಹುರುಪಿನಲ್ಲಿ ಭಾನುವಾರ ಕ್ಯಾಲಬಾಸಸ್ ದೇವಸ್ಥಾನದಲ್ಲಿ ಒಂದು ಬೀಸುವ ಪದ ಹಾಡಿದೆ. ಸ್ಯಾನ್ ಡಿಯಾಗೋದ ರಾಂಚೊ ಬರ್ನಾರ್ಡೊದಿಂದ ಡ್ರೈವ್ ಮಾಡಿಕೊಂಡು ಬಂದಿದ್ದ ಆಂಟಿಯೊಬ್ಬರು ಕಣ್ಣೊರೆಸಿಕೊಂಡು, "ಎಷ್ಟ್ ಚೆನ್ನಾಗಿದೆ! ಯಾರು ಕಟ್ಟಿದ್ದು?" ಎಂದರು.

ಧಾರವಾಡದ ನಮ್ಮ ಮನೆಗೆ ಜೋಳ ಬೀಸಲು ಬರುತ್ತಿದ್ದ ಹೆಂಗಸು, ಬೀಸುತ್ತಲೇ ಕಟ್ಟಿದ್ದು ಎಂದೆ. ನಾವೆಲ್ಲ ಅವರನ್ನು ಕರೆಯುತ್ತಿದ್ದುದು ಬರೀ "ಯಕ್ಕಾ" ಎಂದು.

"ಅವ್ರ ಹೆಸರೇನು?"

ಅಂದು ರಾತ್ರಿಯೇ ಅವ್ವನಿಗೆ ಪತ್ರ ಬರೆದೆ; ಅವಳಿಗೂ ಗೊತ್ತಿಲ್ಲವಂತೆ. ಇಲ್ಲಿ ಯಾರನ್ನು ಕೇಳಲಿ? ಅವರ ಹೆಸರು ಗೊತ್ತಿರಬಹುದಾದವರು ಧಾರವಾಡದ ಓಣಿಯಲ್ಲಿದ್ದಾರೆ, ಆ ಓಣಿಯಲ್ಲಿ ಈಗ ನಾನಿಲ್ಲ.