ಮೂರನೇ ತರಗತಿಯ ಕೃತಿ ಸಂಪುಟಗಳು

ಕಲಬುರಗಿಯಿಂದ ಕಮಲಾಪುರದ ಶಾಲೆಗೆ ಹೋಗುವ ಬಸ್ಸಿನಲ್ಲಿ ಆ ವರ್ಷವೆಲ್ಲ ನನ್ನ ತೊಡೆಯ ಮೇಲೆ ಮೂರನೇ ತರಗತಿಯ ಕೃತಿ ಸಂಪುಟಗಳಿರುತ್ತಿದ್ದವು. ಮಗುವಿಗೊಂದು ಫೈಲು. ಮಗುವಿಗೆ ಓದಲು ಬರುತ್ತದೆ ಎಂಬುದಕ್ಕೆ ಅದರೊಳಗೆ ಪುರಾವೆ ಇರಬೇಕು: ಶುದ್ಧ ಬರಹ, ಉಕ್ತಲೇಖನ, ಕೊನೆಗೆ ನನ್ನ ಷರಾ. ತಪಾಸಣೆಗೆ ಸಾಹೇಬರು ಬಂದರೆ ಫೈಲು ತಿರುವುತ್ತಾರೆ, ಮಗುವಿನ ಮುಖ ನೋಡುವುದಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಗೋಂದು, ಬಣ್ಣದ ಹಾಳೆ ಕೊಂಡು ಕೊಂಡು ನನಗೆ ಸಾಕಾಗಿತ್ತು. ಅಂಟಿಸುವುದರಲ್ಲೇ ಹೊತ್ತು ಹೋಗಿ, ಒಂದೊಂದು ಮಗುವನ್ನೂ ಕೂರಿಸಿಕೊಂಡು ಓದಿಸಿ ತಿಂಗಳುಗಳೇ ಆಗಿದ್ದವು.

ಪಾಲಕರ ಸಭೆಯ ದಿನ ಒಬ್ಬ ಹುಡುಗಿ ತಾಯಿಯನ್ನು ಕರೆದುಕೊಂಡು ಬಂದಳು. ಅವರ ಮನೆಮಾತು ದಖನಿ ಉರ್ದು. ನಾನು ಫೈಲನ್ನು ತಾಯಿಯ ಮುಂದೆ ಸರಿಸಿದೆ.

"ನೋಡ್ರಿ, ನಿಮ್ಮ ಮಗಳ ಓದು ಎಲ್ಲಾ ಇದರಾಗ ಅದ."

ಅವರು ಹಾಳೆಗಳ ಮೇಲೆ ಕೈಯಾಡಿಸಿದರು. "ನನಗ ಕನ್ನಡ ಮಾತಾಡಾಕ ಬರ್ತದ, ಓದಾಕ ಬರಂಗಿಲ್ರೀ ಟೀಚರ್. ಅಕಿನೇ ಓದ್ಲಿ, ನಾ ಕೇಳ್ತೀನಿ."

ಹುಡುಗಿ ಕೊನೆಯ ಹಾಳೆ ತೆಗೆದಳು. ದಸರಾ ರಜೆಗೆ ಮುಂಚೆ ನಾನು ಬರೆದಿದ್ದ ಷರಾ ಅಲ್ಲಿತ್ತು. ಅದನ್ನೇ ಜೋರಾಗಿ ಓದಿದಳು.

"ಈ ವಿದ್ಯಾರ್ಥಿನಿಯು ಪ್ರತಿ ಸಾಲಿಗೂ ತಡವರಿಸುತ್ತಾಳೆ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಇನ್ನೂ ಬಹಳ ಅಭ್ಯಾಸ ಬೇಕು."

ಎಲ್ಲೂ ನಿಲ್ಲಲಿಲ್ಲ. ನೀರು ಕುಡಿದ ಹಾಗೆ ಓದಿ ಮುಗಿಸಿದಳು.

ತಾಯಿ ಮಗಳನ್ನು ನೋಡಿದರು, ಫೈಲನ್ನು ನೋಡಿದರು. ಆಮೇಲೆ ನನ್ನನ್ನು ಕೇಳಿದರು.

"ಇದು ಯಾರ ಫೈಲ್ ರೀ, ಟೀಚರ್?"