ಖಾನಾವಳಿ ಅಕ್ಕನ ಬಲಗೈ

ಬಳೆಗಳನ್ನು ಮೊಣಕೈವರೆಗೆ ಸರಿಸಿ, ಜಾರದಂತೆ ರಬ್ಬರ್ ಬ್ಯಾಂಡ್ ಹಾಕಿದಳೆಂದರೆ ಅಕ್ಕ ರೊಟ್ಟಿ ಬಡಿಯಲು ಕೂತಳೆಂದೇ ಅರ್ಥ. ಅವಳ ಬಲಗೈ ಎಡಗೈಗಿಂತ ದಪ್ಪ. ಸುಡುವ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲೇ ತಿರುವಿ ಹಾಕುತ್ತಾಳೆ. ವಿಜಯಪುರದ ಬಸ್ ನಿಲ್ದಾಣದ ಹಿಂದಿನ ಓಣಿಗೆ ಹೊರಳಿದರೆ ಸಾಕು, ಬೋರ್ಡು ಹುಡುಕಬೇಕಿಲ್ಲ. ಆ ಪಟಪಟ ಸದ್ದೇ ಕೈಹಿಡಿದು ಕರೆದೊಯ್ಯುತ್ತದೆ.

ನಾಲ್ಕು ಮೇಜು, ಗೋಡೆಗೆ ಆನಿಸಿದ ಬೆಂಚು, ಮೂಲೆಯಲ್ಲಿ ಒಲೆ. ಖಾನಾವಳಿ ಇಷ್ಟೇ. ಹೆಂಡತಿ ಹೋದ ಮೇಲೆ ನನ್ನ ಮನೆಯ ಒಲೆ ಉರಿಯುವುದು ಚಹಾಕ್ಕೆ ಮಾತ್ರ. ಮಧ್ಯಾಹ್ನದ ಊಟ ಇಲ್ಲೇ. ನಾನು ಅವಳಿಗಿಂತ ಬಹಳ ದೊಡ್ಡವನು, ಆದರೂ ಬೇಕಂತಲೇ ಎಲ್ಲರ ಹಾಗೆ ಅಕ್ಕಾ ಎನ್ನುತ್ತೇನೆ.

"ಕಾಕಾ, ನನಗ ಅಕ್ಕಾ ಅಂದ್ರ ನಿಮ್ಮ ಬಿಳಿ ಮೀಸಿ ಕರ್ರಗ ಆಗೂದಿಲ್ರಿ" ಎನ್ನುತ್ತಾಳೆ.

ಈ ಊರಿನಲ್ಲಿ ನನ್ನ ಕುಚೇಷ್ಟೆಗೆ ಸಿಗದವರಿಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ. ಹೊಸದಾಗಿ ಊಟಕ್ಕೆ ಬಂದ ಬ್ಯಾಂಕಿನ ಸಾಹೇಬರಿಗೆ, "ಇಲ್ಲಿ ಹಾಡು ಹೇಳದವರಿಗೆ ಎರಡನೇ ರೊಟ್ಟಿ ಹಾಕೂದಿಲ್ರಿ" ಎಂದು ಗಂಭೀರವಾಗಿ ಹೇಳಿದೆ. ಪಾಪ, ಎದ್ದು ನಿಂತು ಕಣ್ಣು ಮುಚ್ಚಿ ಹಾಡಿಯೇ ಬಿಟ್ಟರು. ಅಕ್ಕ ಪೂರ್ತಿ ಕೇಳಿ, ಎದ್ದು ಬಂದು ಅವರ ರೊಟ್ಟಿಗೆ ಬೆಣ್ಣೆ ಹಾಕಿದಳು. "ಹಾಡಿದವರಿಗೆ ಬೆಣ್ಣಿ. ಹಾಡಾಕ ಹಚ್ಚಿದವರಿಗೆ ಇವತ್ತ ಬರೇ ಹಿಂಡಿ" ಎಂದು ನನ್ನ ತಾಟಿಗೆ ಶೇಂಗಾ ಚಟ್ನಿಪುಡಿ ಸುರಿದಳು.

ಅವಳದೊಂದು ಪದ್ಧತಿಯಿದೆ. ಹೊಸ್ತಿಲು ದಾಟಿ ಒಳಗೆ ಬಂದವರು ಉಣ್ಣದೆ ಹೊರಗೆ ಹೋಗಬಾರದು. ಬಾಗಿಲು ಹಾಕುವ ಹೊತ್ತಿಗೆ ಯಾರಾದರೂ ಇಣುಕಿದರೂ, "ಬರ್ರಿ, ಹಂಚು ಇನ್ನಾ ಬಿಸಿ ಐತಿ" ಎನ್ನುತ್ತಾಳೆ.

ಹೋದ ವರ್ಷ ನೀರಿನ ತೊಟ್ಟಿಯ ಹತ್ತಿರ ಜಾರಿ ಬಿದ್ದಳು. ಬಲ ಮಣಿಕಟ್ಟು ಮುರಿಯಿತು. ಕೈಗೆ ಪ್ಲಾಸ್ಟರ್ ಬಿತ್ತು, ಖಾನಾವಳಿಗೆ ಬೀಗ ಬಿತ್ತು. ಪಕ್ಕದ ಟೇಲರ್ ಚಾಚಾ ಸುದ್ದಿ ಹೇಳಿದ: "ಕಾಖಂಡಕಿಯಿಂದ ಅಕ್ಕನ ತಮ್ಮ ಬಂದಾನ್ರಿ. ಆಕಿನ್ನ ಊರಿಗೆ ಕರಕೊಂಡು ಹೊಂಟಾನಂತ. ಮೇಜು, ಬೆಂಚು ಎಲ್ಲಾ ಮಾರತಾರಂತ."

ಅಂದು ಚಹಾದಲ್ಲಿ ಅದ್ದಿದ ಬ್ರೆಡ್ಡನ್ನು ಅರ್ಧಕ್ಕೇ ಬಿಟ್ಟು ಎದ್ದೆ. ನೋಡಲು ಹೋದೆ. ಆರಿದ ಒಲೆಯ ಮುಂದೆ ಕೂತಿದ್ದಳು.

"ರೊಟ್ಟಿ ಬಡಿಯಾಕ ಬರಲಾರದಾಕಿ ಏನ್ ಖಾನಾವಳಿ ನಡಸ್ತಾಳ್ರಿ? ಮಿಷನ್ ರೊಟ್ಟಿ ತಂದು ಹಾಕಾಕ ನನ್ನ ಮನಸ್ಸು ಒಪ್ಪೂದಿಲ್ಲ."

"ಹೌದವಾ ಅಕ್ಕಾ" ಎಂದೆ, ಬೇಕಂತಲೇ. ಅವಳು ನನ್ನ ಮೀಸೆಯ ಸುದ್ದಿಗೇ ಬರಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಹೆದರಿದರೆ ನನಗೆ ಬುದ್ಧಿ ಚುರುಕಾಗುತ್ತದೆ. ದಿನಾ ಉಣ್ಣಲು ಬರುವವರಿಗೆಲ್ಲ, "ನಾಳೆ ಮಧ್ಯಾಹ್ನ ಅಕ್ಕನ ಖಾನಾವಳಿ ಸುರು. ಹಸದು ಬರ್ರಿ" ಎಂದು ಹೇಳಿಬಂದೆ. ಮರುದಿನ ಬ್ಯಾಂಕಿನ ಸಾಹೇಬರು ಬಂದರು, ಟೇಲರ್ ಚಾಚಾ ಬಂದ, ಹೊನವಾಡದ ದ್ರಾಕ್ಷಿ ತೋಟದವರೂ ಬಂದರು. ಅಕ್ಕನ ತಮ್ಮ ಸಾಮಾನು ಕಟ್ಟುತ್ತ ಬಾಗಿಲು ತೆರೆದಿಟ್ಟಿದ್ದ. ಎಲ್ಲರೂ ನುಗ್ಗಿ ಬೆಂಚಿನ ಮೇಲೆ ಕೂತೇಬಿಟ್ಟರು.

"ಯಾರು ಹೇಳ್ಯಾರ ನಿಮಗ?" ಅಕ್ಕ ಕೇಳಿದಳು. ಬೆರಳೆಲ್ಲ ನನ್ನ ಕಡೆ ತಿರುಗಿದವು.

"ಹೊಸ್ತಿಲಾ ದಾಟ್ಯಾರವಾ ಅಕ್ಕಾ. ಈಗ ಹಸದವರನ್ನ ಹೊರಗ ಹಾಕು, ನೋಡೂಣು."

ಅಕ್ಕ ಪ್ಲಾಸ್ಟರನ್ನೇ ನೋಡುತ್ತ ನಿಂತಳು. ತಮ್ಮ, "ನಡಿ ಬೇ, ಬಸ್ಸಿಗೆ ಹೊತ್ತಾತು" ಎಂದ. ಅವಳು ಅವನ ಕೈಯಿಂದ ಹಂಚನ್ನು ಕಿತ್ತುಕೊಂಡಳು. "ಬಡಿಯಾವ್ರು ಯಾರ?"

"ನಾವ ಬಡೀತೀವಿ" ಎಂದು ತೋಳು ಮಡಚಿದೆ.

ನನ್ನ ಮೊದಲ ರೊಟ್ಟಿ ದುಂಡಗೂ ಇರಲಿಲ್ಲ, ಚೌಕವೂ ಆಗಲಿಲ್ಲ. ನಡುವೆ ದೊಡ್ಡ ತೂತು. ಬೆಂದ ಮೇಲೆ ಎತ್ತಿ ಹಿಡಿದು, "ನೋಡ್ರಿ, ಗಾಳಿ ಆಡಾಕ ಕಿಟಕಿನೂ ಇಟ್ಟೇನಿ" ಎಂದೆ.

"ಕಾಕಾ, ರೊಟ್ಟಿ ಬಡೀ ಅಂದ್ರ ಗಾದಿ ಝಾಡಿಸಿದಂಗ ಝಾಡಸ್ತೀರಲ್ರಿ! ಇದನ್ನ ಯಾರಿಗೂ ಹಾಕಬ್ಯಾಡ್ರಿ, ನನ್ನ ಖಾನಾವಳಿ ಹೆಸರು ಕೆಡತೈತಿ" ಎಂದು ಕಸಿದುಕೊಂಡು ಹೋದಳು. ನನ್ನ ಖಾನಾವಳಿ ಎಂದಳಲ್ಲ, ಅದು ನನ್ನ ಕಿವಿಗೆ ಬಿತ್ತು. ಬೈಯುತ್ತ ಬೈಯುತ್ತ ಅವಳ ದನಿ ಮೊದಲಿನಂತಾಯಿತು. ತಮ್ಮ ಒಬ್ಬನೇ ಬಸ್ಸು ಹತ್ತಿದ. ಪ್ಲಾಸ್ಟರ್ ತೆಗೆಯುವವರೆಗೂ ಉಣ್ಣುವ ನಾವೇ ಪಾಳಿಯ ಮೇಲೆ ರೊಟ್ಟಿ ಬಡಿದೆವು. ಬಟ್ಟೆ ಕತ್ತರಿಸುವ ಟೇಲರ್ ಚಾಚಾನದು ಮಾತ್ರ ಅಳತೆ ಹಿಡಿದಂತೆ ದುಂಡಗಿರುತ್ತಿತ್ತು. ನನಗೆ ಅವನ ಮೇಲೆ ಇನ್ನೂ ಸಿಟ್ಟಿದೆ.

ಪ್ಲಾಸ್ಟರ್ ತೆಗೆದ ಮರುದಿನ ಓಣಿಗೆ ಹೊರಳಿ ನಿಂತೆ. ಸದ್ದಿಲ್ಲ. ಆಮೇಲೆ ನಿಧಾನಕ್ಕೆ ಒಂದು ಪಟ್. ಸ್ವಲ್ಪ ಬಿಟ್ಟು ಇನ್ನೊಂದು. ಆಮೇಲೆ ಪಟಪಟಪಟ. ಚಾಚಾನ ಅಂಗಡಿಯ ಕಂಬ ಹಿಡಿದು ನಿಂತು, ಹೊಟ್ಟೆಯ ತಳದಿಂದ ಉಸಿರು ಬಿಟ್ಟೆ.

ಒಳಗೆ ಎಲ್ಲರಿಗೂ ಹಬೆಯಾಡುವ ರೊಟ್ಟಿ, ಬದನೆಕಾಯಿ ಪಲ್ಯ. ನನ್ನ ತಾಟಿನಲ್ಲಿ ಒಂದೇ ಒಂದು ಒಣಗಿದ ಕಟಕ ರೊಟ್ಟಿ. ನಡುವೆ ದೊಡ್ಡ ತೂತು. ಅರಿವೆಯಲ್ಲಿ ಸುತ್ತಿ ಅಷ್ಟು ದಿನ ಕಾದಿಟ್ಟಿದ್ದಳು!

"ನಿಮ್ಮ ಕೈಯಿಂದಾದದ್ದು ಕಾಕಾ. ತಿನ್ನಲಾರದ ಹೊಸ್ತಿಲಾ ದಾಟೂ ಹಂಗಿಲ್ಲ, ಗೊತ್ತೈತೆಲ್ಲ? ಮೀಸಿ ಸಂಭಾಳಿಸ್ರಿ."

ಇಡೀ ಖಾನಾವಳಿ ನಕ್ಕಿತು. ಊರನ್ನೆಲ್ಲ ಏಮಾರಿಸಿದ ನಾನು ಮೊದಲ ಸಲ ಏಮಾರಿದ್ದೆ, ಅದೂ ಇಷ್ಟು ಸಂತೋಷದಿಂದ. ಕಟಕ್ಕೆಂದು ಒಂದು ತುಂಡು ಮುರಿದು ಬಾಯಿಗಿಟ್ಟೆ. ಉಳಿದದ್ದನ್ನು ಕಣ್ಣಿಗೆ ಹಿಡಿದು ಅದರ ಕಿಟಕಿಯಿಂದ ಇಣುಕಿದೆ. ಆಚೆ ಒಲೆಯ ಬೆಳಕಿನಲ್ಲಿ ಅಕ್ಕ ಬಳೆ ಸರಿಸಿಕೊಂಡು ಕೂತಿದ್ದಳು. ಅವಳ ಬಲಗೈ ಏಳುತ್ತಿತ್ತು, ಇಳಿಯುತ್ತಿತ್ತು.