ಸಂಜೆಯವರೆಗೆ ಪ್ಯಾಕೇಜು

ಹೊಸಪೇಟೆಯಲ್ಲಿ ಮನೆ ಇದ್ದವರಿಗೆ ನೆಂಟರ ಕೊರತೆ ಇರುವುದಿಲ್ಲ. ಹಂಪಿ ನೋಡಬೇಕೆನ್ನುವ ಪ್ರತಿಯೊಬ್ಬರಿಗೂ ನಮ್ಮ ಜೊತೆ ಏನಾದರೊಂದು ಸಂಬಂಧ ಹುಟ್ಟಿಕೊಳ್ಳುತ್ತದೆ. ಷಡ್ಡಕನ ಆಫೀಸಿನವರು, ನಾದಿನಿಯ ಗೆಳತಿಯ ಅತ್ತೆ, ಹೀಗೆ. ನಮ್ಮ ಮನೆಯಲ್ಲಿ ತಿಂಡಿ ತಿಂದು ಹೊರಟವರು ಕತ್ತಲಾದ ಮೇಲೆ ಬಂದು, ಸೂರ್ಯಾಸ್ತ ಎಷ್ಟು ಚೆನ್ನಾಗಿತ್ತು ಅನ್ನುತ್ತಾ ಊಟಕ್ಕೆ ಕೂರುತ್ತಿದ್ದರು. ರೊಟ್ಟಿ ಬಡಿಯುವವಳು ನನ್ನ ಹೆಂಡತಿ. ಎಲ್ಲರಿಗೂ ಬಿಸಿ ರೊಟ್ಟಿ ಹಾಕಿ, ಕೊನೆಗೆ ಆರಿದ್ದನ್ನು ತಾನು ತಿನ್ನುತ್ತಿದ್ದಳು.

ಅದು ಅದಿರಿನ ಕಾಲ. ಸಂಡೂರಿನ ಕಡೆಯಿಂದ ಲಾರಿಗಳು ಹಗಲೂ ರಾತ್ರಿ ಹರಿಯುತ್ತಿದ್ದವು. ನನ್ನದು ಟೈರಿನ ಅಂಗಡಿ. ರಸ್ತೆ ಕೆಟ್ಟಷ್ಟೂ ನನಗೆ ಒಳ್ಳೆಯದು, ರಸ್ತೆಯೋ ಪೂರ್ತಿ ಕೆಟ್ಟಿತ್ತು. ಒಂದು ದಿನ ಎದುರು ಮನೆಯವರು ಸಿಂಗಪುರಕ್ಕೆ ಹೋಗಿ ಬಂದ ಆಲ್ಬಮ್ ಹಿಡಿದು ನಮ್ಮ ಮನೆಗೆ ಬಂದು, ನಮ್ಮ ಮಿರ್ಚಿ ಭಜಿ ತಿನ್ನುತ್ತಲೇ ಒಂದೊಂದು ಫೋಟೊ ತೋರಿಸಿದರು. ಅವರು ಹೋದ ಮೇಲೆ ನನ್ನ ಹೆಂಡತಿ ತಾಟು ಎತ್ತುತ್ತಾ ಅಂದಳು: "ನನಗ ಸಿಂಗಪುರ ಬ್ಯಾಡ್ರಿ. ಯಾರಾರ ಮಾಡಿ ಹಾಕಬೇಕು, ನಾನು ಕುಂತು ಬಿಸಿದು ಉಣ್ಣಬೇಕು. ನಾಕು ದಿನ ಹಂಗಿದ್ರ ಸಾಕು."

ಅವಳು ಕೇಳಿದ್ದು ಬಿಸಿ ಊಟ. ನನಗೆ ಕೇಳಿಸಿದ್ದು ಎದುರು ಮನೆಯವರ ಸಿಂಗಪುರ. ಕೂಡಲೇ ಅಂಗಡಿಯ ಹೊಸ ಕಂಪ್ಯೂಟರಿನ ಮುಂದೆ ಕುಳಿತೆ. ಟೆಲಿಫೋನ್ ತಂತಿಯ ಇಂಟರ್ನೆಟ್ಟು. ಪ್ರವಾಸ ಕಂಪನಿಯ ಪುಟದಲ್ಲಿ ಸಮುದ್ರದ ಚಿತ್ರ ಮೇಲಿನಿಂದ ಇಷ್ಟಿಷ್ಟೇ ಇಳಿಯುತ್ತಿತ್ತು. ಆಕಾಶ ಮುಗಿದು ನೀರು ಕಾಣುವ ಹೊತ್ತಿಗೆ ನಾನು ಚಹಾ ಕುಡಿದು ಬಂದಿದ್ದೆ. ಬೆಂಗಳೂರಿನಿಂದ ಹೊರಟು ಸಮುದ್ರ, ಆಮೇಲೆ ಬಾದಾಮಿ, ಕೊನೆಯ ದಿನ ಹಂಪಿ, ಎಲ್ಲ ಊಟ ಸೇರಿ. ಬೇರೆ ಯಾವ ಹೊಸಪೇಟೆಯವನೇ ಆಗಲಿ ಪಟ್ಟಿಯಲ್ಲಿ ಹಂಪಿಯ ಹೆಸರು ನೋಡಿ ಆ ಪ್ಯಾಕೇಜು ಬಿಡುತ್ತಿದ್ದ. ಬುದ್ಧಿವಂತನಾದ ನಾನು ಅದನ್ನೇ ಆರಿಸಿದೆ. ವಾಪಸು ಬರುವ ತಾಪತ್ರಯವೇ ಇಲ್ಲ, ಮನೆ ಬಾಗಿಲಿಗೇ ತಂದು ಇಳಿಸುತ್ತಾರಲ್ಲ!

ಪ್ಯಾಕೇಜಿನ ಸುಖ ಸುಳ್ಳಲ್ಲ. ಲಾಡ್ಜು ಹುಡುಕುವ ಗೋಜಿಲ್ಲ, ಚೌಕಾಸಿ ಇಲ್ಲ, ಗಂಡ ಹೆಂಡತಿ ಜಗಳಾಡಲು ಕಾರಣವೇ ಸಿಗುವುದಿಲ್ಲ. ಮೊದಲ ಬೆಳಿಗ್ಗೆ ಹೊಗೆಯಾಡುವ ಇಡ್ಲಿ ತಿಂದು ಮುಗಿಸಿದ ಹೆಂಡತಿ ತಾಟು ತೊಳೆಯಲು ಎದ್ದೇಬಿಟ್ಟಳು. ಹೋಟೆಲಿನವನು ಕೈಯಿಂದ ಇಸಿದುಕೊಂಡ. ಅವಳು ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಕಷ್ಟವೆಂದರೆ ಗೈಡಿನ ಸೀಟಿ. ಸಮುದ್ರದಲ್ಲಿ ಅವಳ ಪಾದ ನೆನೆಯುವಷ್ಟರಲ್ಲಿ ಸೀಟಿ ಊದಿದ. ಅವನ ಪರಿಚಯದ ಕಪ್ಪೆಚಿಪ್ಪಿನ ಅಂಗಡಿಯಲ್ಲಿ ಮಾತ್ರ ಬೇಕಾದಷ್ಟು ಹೊತ್ತು ಕೊಟ್ಟ.

ಕೊನೆಯ ದಿನ ತುಂಗಭದ್ರಾ ಡ್ಯಾಮು ಕಂಡದ್ದೇ ತಡ, ನಾನು ಬಸ್ಸಿನ ಯಜಮಾನನಾದೆ. ಗೈಡಿನ ಬಾಯಿ ಮುಚ್ಚಿಸಿ ನಾನೇ ವಿವರಿಸತೊಡಗಿದೆ. ಅದಿರು ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡಿದ್ದರಿಂದ ವಿವರಿಸಲು ಸಮಯವೂ ಧಾರಾಳವಾಗಿತ್ತು. ಊಟಕ್ಕೆ ಗೊತ್ತುಮಾಡಿದ್ದ, ಹಂಪಿ ದಾರಿಯ ಕಡ್ಡಿರಾಂಪುರದ ಹೋಟೆಲು ಮುಟ್ಟಿದಾಗ ಮಧ್ಯಾಹ್ನ ಬಹಳ ಮೀರಿತ್ತು. ನಮ್ಮ ಊಟವನ್ನು ಹೋಟೆಲಿನವನು ಇನ್ನೊಂದು ಬಸ್ಸಿನವರಿಗೆ ಬಡಿಸಿಬಿಟ್ಟಿದ್ದ. ಎಲ್ಲರೂ ಗೈಡಿನ ಮೇಲೆ ಮುಗಿಬಿದ್ದರು. ಮೈಸೂರಿನ ಕಡೆಯ ಅಜ್ಜಿಯೊಬ್ಬರು, "ಇದೇನಾ ನಿಮ್ಮೂರು?" ಎಂದು ನನ್ನನ್ನೇ ಕೇಳಿದರು.

ನನ್ನ ಮಾನ ಹೋಯಿತು. ಬಸ್ಸಿನಲ್ಲೇ ಎದ್ದು ನಿಂತೆ. "ನಮ್ಮೂರಿಗೆ ಬಂದು ಹಸ್ಕೊಂಡು ಹೊಕ್ಕೀರೇನ್ರಿ? ನಡೀರಿ ನಮ್ಮನಿಗೆ! ಉಂಡ ಹೋಗ್ಬೇಕು!"

ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ನನ್ನ ಹೆಂಡತಿ ಮಾತ್ರ ಕಿಟಕಿಯಾಚೆ ನೋಡುತ್ತಿದ್ದಳು. ಊರು ಬಂತೆಂದು ಖುಷಿಯಾಗಿರಬೇಕು ಎಂದುಕೊಂಡೆ.

ಮನೆಯ ಬೀಗ ತೆಗೆದು ಪಡಸಾಲೆಯಲ್ಲಿ ಜಮಖಾನೆ ಹಾಸಿ, "ಕುಂದ್ರಿ, ಕುಂದ್ರಿ" ಎಂದು ಎಲ್ಲರನ್ನೂ ಕೂರಿಸಿದೆ. ಅಡುಗೆಮನೆಯಿಂದ ಸದ್ದೇ ಇಲ್ಲ. ತಿರುಗಿ ನೋಡಿದರೆ ಹೆಂಡತಿ ಅಜ್ಜಿಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾಳೆ. ಹತ್ತಿರ ಬಗ್ಗಿ ಪಿಸುಗುಟ್ಟಿದೆ: "ಏಳಂಗಿಲ್ಲೇನು?"

ಅವಳು ಪಿಸುಗುಟ್ಟಲಿಲ್ಲ. "ನಂದು ಪ್ಯಾಕೇಜು ಸಂಜೀತನಕ ಐತ್ರಿ. ಊಟ ಸೇರಿ ಅಂತ ನೀವ ಹೇಳೀರಿ."

ಜಮಖಾನೆ ತುಂಬ ನಗು. ನಾನು ಒಳಗೆ ಹೋದೆ. ಹಂಪಿ ಅವಳಿಗೆ ಎಷ್ಟು ಗೊತ್ತೋ ಅಡುಗೆಮನೆ ನನಗೆ ಅಷ್ಟೇ ಗೊತ್ತಿತ್ತು. ಇದೆ ಎಂದು ಗೊತ್ತಿತ್ತು. ಮಂಡಕ್ಕಿಯ ಚೀಲ ಕಣ್ಣಿಗೆ ಬಿತ್ತು. ನೆನೆಸಿ ಹಿಂಡಿ ಒಗ್ಗರಣೆ ಹಾಕಿದರಾಯಿತು ಎಂದುಕೊಂಡೆ. ನೆನೆಸುವುದೆಂದರೆ ಅದ್ದಿ ತೆಗೆಯುವುದು ಎಂದು ತಿಳಿಯುವ ಹೊತ್ತಿಗೆ ಅದು ಗಂಜಿಯಾಗಿತ್ತು. ಸಾಸಿವೆ ಸಿಡಿದು ಕೈ ಸುಟ್ಟಿತು. ಅಂತೂ ಬಡಿಸಿದೆ. ಅಜ್ಜಿ, "ಉಪ್ಪು ಮರೆತೆಯಲ್ಲಪ್ಪ" ಅಂದರು. ನನ್ನ ಹೆಂಡತಿ ಊದಿ ಊದಿ ತಿಂದು, ತಾಟು ಮುಂದೆ ಚಾಚಿದಳು. "ಇನ್ನೊಂಚೂರು ಹಾಕ್ರಿ. ಬಿಸಿ ಐತಿ."

ನಾನು ಇನ್ನೊಂದು ಸೌಟು ಬಡಿಸಿದೆ. ಇಷ್ಟು ವರ್ಷದಲ್ಲಿ ಈ ಮನೆಯಲ್ಲಿ ಅವಳು ನನ್ನ ಕೈಯಿಂದ ಬಡಿಸಿಕೊಂಡದ್ದು ಅದೇ ಮೊದಲು.

ಹೊರಗೆ ಗೈಡ್ ಸೀಟಿ ಊದಿದ. ಎಲ್ಲರ ಜೊತೆ ಅವಳೂ ಎದ್ದು ಸೆರಗು ಸರಿಮಾಡಿಕೊಂಡಳು.

"ನೀ ಎಲ್ಲಿಗೆ? ಮನಿ ಬಂತಲ್ಲ!"

"ಹಂಪಿಗೆ. ಸೂರ್ಯ ಮುಳುಗೋದು ಪ್ಯಾಕೇಜಿನಾಗ ಐತ್ರಿ. ಬಂದವರ ಬಾಯಾಗ ಕೇಳೀನಿ ಅಷ್ಟ. ನಾ ಯಾವಾಗ ನೋಡೀನಿ?"

ಎಷ್ಟು ಜನ ನೆಂಟರನ್ನು ನಾನೇ ಕರೆದುಕೊಂಡು ಹೋಗಿ ಸೂರ್ಯಾಸ್ತ ಕಾಣುವ ಗುಡ್ಡ ಹತ್ತಿಸಿದ್ದೆ. ಆ ಹೊತ್ತಿಗೆಲ್ಲ ಇವಳು ಒಲೆಯ ಮುಂದೆ ಇರುತ್ತಿದ್ದಳು. ನನಗೆ ನಾಚಿಕೆಯಾಯಿತು. "ತಡಿ, ನಾನೂ ಬರ್ತೀನಿ" ಎಂದು ಚಪ್ಪಲಿ ಹುಡುಕಿದೆ.

"ತಾಟು ಯಾರು ತೊಳೀತಾರ್ರಿ?" ಎನ್ನುತ್ತಾ ಅವಳು ಬಸ್ಸು ಹತ್ತಿದಳು. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು: "ಮೊದ್ಲ ನೀರಾಗ ಹಾಕಿಡ್ರಿ, ಒಣಗಿದ್ರ ಬಿಡಂಗಿಲ್ಲ!"

ನಾನು ಒಳಗೆ ಬಂದು ತಾಟುಗಳನ್ನು ನೀರಿಗೆ ಹಾಕಿದೆ.